ಕಾಚಿಗೂಡದ ಮನೆಗೆ ನಾನು ಬರೆದ ಎರಡು ವರದಿಗಳು

2005ನೇ ಇಸವಿಯಲ್ಲಿ ನಾನು ಹೈದರಾಬಾದಿನಲ್ಲಿ ಸ್ವತಂತ್ರ ಸ್ಟ್ರಕ್ಚರಲ್ ಎಂಜಿನಿಯರ್ ಆಗಿದ್ದೆ. ಕಟ್ಟಡವೊಂದು ಎಷ್ಟು ಭಾರ ಹೊರುತ್ತದೆ, ಎಲ್ಲಿ ಬಿರುಕು ಬಿಡುತ್ತದೆ, ನಿಲ್ಲುತ್ತದೆಯೋ ಬೀಳುತ್ತದೆಯೋ ಎಂದು ಲೆಕ್ಕ ಹಾಕಿ ಕೆಳಗೆ ಸಹಿ ಮಾಡುವುದು ನನ್ನ ಕೆಲಸ. ಕಲಬುರಗಿಯಲ್ಲಿ ಓದಿ, ಇಲ್ಲಿಗೆ ಬಂದು ಆಗಲೇ ಹತ್ತೊಂಬತ್ತು ವರ್ಷವಾಗಿತ್ತು. ಗಚ್ಚಿಬೌಲಿಯ ಬಂಡೆಗಳನ್ನು ಸಿಡಿಸಿ ಸಾಫ್ಟ್‌ವೇರ್ ಕಂಪನಿಗಳಿಗೆ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ದಿನಗಳವು. ವಾರಕ್ಕೆರಡು ಸ್ಲ್ಯಾಬ್ ಹಾಕಿಸುತ್ತಿದ್ದೆ. ಕಾಂಕ್ರೀಟ್ ವಿಷಯದಲ್ಲಿ ನನ್ನ ಮಾತಿಗೆ ಎದುರಾಡುವವರು ಇರಲಿಲ್ಲ, ಹಾಗಾಗಿ ಸೊಕ್ಕೂ ಸ್ವಲ್ಪ ಬೆಳೆದಿತ್ತು. ಯಾವ ವರದಿಯನ್ನೂ ಒಂದೂವರೆ ಪುಟ ದಾಟಿಸಬಾರದು ಎಂಬುದು ನನ್ನ ಹೆಮ್ಮೆಯ ನಿಯಮ.

ಆ ನವೆಂಬರಿನಲ್ಲಿ ಸುಮಿತ್ರಾಬಾಯಿ ನನ್ನ ಕಚೇರಿಗೆ ಬಂದರು. ಭಾಲ್ಕಿ ಕಡೆಯವರು, ಐವತ್ತರ ಆಸುಪಾಸು, ನಿಂತಲ್ಲೇ ಮಾತು ಮುಗಿಸುವ ಹೆಂಗಸು. ಕಾಚಿಗೂಡ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ, ಒಂದು ಹಳೆಯ ಮನೆಯನ್ನು ಬಾಡಿಗೆಗೆ ಹಿಡಿದು ಇಪ್ಪತ್ತೆರಡು ವರ್ಷದಿಂದ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಹಪ್ಪಳ, ಶ್ಯಾವಿಗೆ ಮಾಡಿ ಮಾರುತ್ತಿದ್ದರು. ಯಾದಗಿರಿ, ಸುರಪುರ, ಹುಮನಾಬಾದ್ ಕಡೆಯಿಂದ ಕೂಲಿಗೆ ಬಂದ ಕುಟುಂಬಗಳ ಹನ್ನೊಂದು ಹೆಂಗಸರು ಅವರ ಹತ್ತಿರ ರೊಟ್ಟಿ ಬಡಿಯುತ್ತಿದ್ದರು.

ಮನೆಯ ಮಾಲೀಕರು ಪುಣೆಯಲ್ಲಿ ನೆಲೆಸಿದ್ದ ಹಿರಿಯರು. ಅವರು ಮನೆ ಮಾರಲು ನಿಶ್ಚಯಿಸಿ, ಮೊದಲು ಸುಮಿತ್ರಾಬಾಯಿಯನ್ನೇ ಕೇಳಿದ್ದರು. ಸಂಕ್ರಾಂತಿಯವರೆಗೆ ಅವಕಾಶ. ಆ ಮನೆ ನಗರದ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿತ್ತು. ಪಟ್ಟಿಯಲ್ಲಿದ್ದರೆ ಕೆಡವುವಂತಿಲ್ಲ, ಬೀದಿಗೆ ಕಾಣುವ ಮುಖ ಬದಲಿಸುವಂತಿಲ್ಲ, ರಿಪೇರಿ ಮಾಡಬೇಕಾದರೂ ನಗರಾಭಿವೃದ್ಧಿ ಪ್ರಾಧಿಕಾರದ ಅನುಮತಿ ಬೇಕು. ಆ ಕಾರಣಕ್ಕೇ ಅದು ಅವರ ಕೈಗೆಟುಕುವ ಬೆಲೆಗೆ ಬಂದಿತ್ತು. ಆದರೂ ಅದನ್ನು ಕೊಳ್ಳಬೇಕೆಂದರೆ, ಎಂದೋ ಕಾಲದಲ್ಲಿ ಬರೀ ಕಲ್ಲುಗುಂಡು ಇದ್ದಾಗ ಗಚ್ಚಿಬೌಲಿಯ ಹತ್ತಿರ ಕೊಂಡಿಟ್ಟಿದ್ದ ಸೈಟನ್ನು ಕೊಡಲೇಬೇಕಿತ್ತು. ಇದ್ದದ್ದು ಅದೊಂದೇ ಆಸ್ತಿ. ಪತಿ ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಪಾಳಿ ಕೆಲಸದವರು. ನಿನಗೆ ತಿಳಿದಂತೆ ಮಾಡು ಎಂದುಬಿಟ್ಟಿದ್ದರಂತೆ.

"ಕುಲಕರ್ಣಿ ಸಾಹೇಬ್ರ, ನನಗ ಒಂದs ಮಾತು ಹೇಳ್ರಿ. ಆ ಮನಿ ಇನ್ನೂ ನಿಲ್ತೈತೋ ಇಲ್ಲೋ? ನಿಲ್ಲಂಗಿದ್ರ ಕೊಳ್ತೀನಿ. ಇಲ್ಲಂದ್ರ ಸೈಟ್ ಕೊಟ್ರ ಒಂದು ಫ್ಲ್ಯಾಟ್ ಬರ್ತದಂತ, ಅದನ್ನ ತಗೊಂಡು ಸುಮ್ನ ಕುಂದರ್ತೀನಿ," ಎಂದರು.

"ಫ್ಲ್ಯಾಟಿನ್ಯಾಗ ರೊಟ್ಟಿ ಬಡಿಯಾಕ ಬಿಡ್ತಾರೇನ್ರಿ ಅಕ್ಕಾರ?" ಎಂದು ಕೇಳಿದೆ.

"ಹನ್ನೊಂದು ಮಂದಿ ಪಟಪಟ ಬಡದ್ರ ಕೆಳಗಿನವ್ರು ಪೊಲೀಸರ್ನ ಕರೀತಾರ. ಅದಕ್ಕs ಸುಮ್ನ ಕುಂದರ್ತೀನಿ ಅಂದೆ," ಎಂದರು. ನಕ್ಕರು, ಆದರೆ ಆ ನಗೆ ಅರ್ಧಕ್ಕೇ ನಿಂತಿತು.

ಮರುದಿನವೇ ಹೋದೆ. ಎರಡಂತಸ್ತಿನ ಮನೆ. ಇಪ್ಪತ್ತೊಂದು ಇಂಚು ದಪ್ಪದ ಗೋಡೆ, ಕಮಾನಿನ ಬಾಗಿಲು, ನಡುವೆ ಅಂಗಳ, ಸಾಗವಾನಿ ತೊಲೆಗಳ ಮೇಲೆ ಇಟ್ಟಿಗೆ ಕೂಡಿಸಿ ಗಚ್ಚು ಹಾಕಿದ ಮಾಳಿಗೆ. ಗಚ್ಚು ಎಂದರೆ ಸುಣ್ಣ ಮತ್ತು ಮರಳನ್ನು ಗಾಣದಲ್ಲಿ ಅರೆದು ಮಾಡಿದ ಗಾರೆ. ಸಿಮೆಂಟ್ ಬರುವುದಕ್ಕೆ ಮೊದಲು ನಮ್ಮ ಕಡೆಯ ಕೋಟೆ, ಮಸೀದಿ, ಮನೆಗಳೆಲ್ಲ ನಿಂತದ್ದು ಅದರ ಮೇಲೆ. ಅಂಗಳದಲ್ಲಿ ಹೆಂಗಸರು ಸಾಲಾಗಿ ಕುಳಿತು ಹಪ್ಪಳ ಲಟ್ಟಿಸುತ್ತಿದ್ದರು. ನನಗೆ ಅದನ್ನೆಲ್ಲ ನೋಡುವ ವ್ಯವಧಾನ ಇರಲಿಲ್ಲ. ಮಧ್ಯಾಹ್ನ ಎರಡಕ್ಕೆ ಗಚ್ಚಿಬೌಲಿಯಲ್ಲಿ ಸ್ಲ್ಯಾಬ್ ಇತ್ತು.

ಹಿಂದಿನ ಎರಡು ಕೋಣೆಗಳ ಗೋಡೆ ನೆಲದಿಂದ ತೊಲೆಯವರೆಗೆ ಒದ್ದೆಯಾಗಿ, ಬಣ್ಣ ಹಕ್ಕಳೆ ಎದ್ದಿತ್ತು. ನೇರ ಅಲ್ಲಿಗೆ ಹೋದೆ. ಚೀಲದಿಂದ ರಿಬೌಂಡ್ ಹ್ಯಾಮರ್ ತೆಗೆದೆ. ಇದು ಕಾಂಕ್ರೀಟಿನ ಗಟ್ಟಿತನ ಅಳೆಯುವ ಸಾಧನ. ಗೋಡೆಗೆ ಒತ್ತಿದರೆ ಒಳಗಿನ ಸ್ಪ್ರಿಂಗ್ ಬಡಿದು ಹಿಂದಕ್ಕೆ ಪುಟಿಯುತ್ತದೆ, ಎಷ್ಟು ಪುಟಿಯಿತು ಎಂಬುದನ್ನು ಮುಳ್ಳು ತೋರಿಸುತ್ತದೆ. ಹನ್ನೆರಡು ಕಡೆ ಒತ್ತಿದೆ. ಹನ್ನೆರಡು ಕಡೆಯೂ ಮುಳ್ಳು ನಾಚಿಕೆಗೇಡಿನಷ್ಟು ಕೆಳಗಿತ್ತು. ಸುಮಿತ್ರಾಬಾಯಿ ಚಹಾ ಹಿಡಿದುಕೊಂಡು ಬಂದು, "ಮುಂದಿನ ಕ್ವಾಣಿ ನೋಡಂಗಿಲ್ಲೇನ್ರಿ?" ಎಂದರು. ಒಂದು ಕಡೆ ಹೀಗಿದ್ದರೆ ಇಡೀ ಮನೆಯದೂ ಇಷ್ಟೇ ಎಂದು ಹೇಳಿ ಚಹಾ ಕುಡಿದು ಹೊರಟೆ. ಒಟ್ಟು ಒಂದು ತಾಸು ಇದ್ದಿರಬೇಕು.

ವರದಿ ಒಂದೂವರೆ ಪುಟದಲ್ಲಿ ಮುಗಿಯಿತು. ಗೋಡೆಗಳು ತಮ್ಮ ಸತ್ವ ಕಳೆದುಕೊಂಡಿವೆ, ಬಲಪಡಿಸಬೇಕಾದರೆ ತಂತಿ ಬಲೆ ಬಡಿದು ಪೂರ್ತಿ ಸಿಮೆಂಟ್ ಪ್ಲಾಸ್ಟರ್ ಮಾಡಬೇಕು, ಆದರೂ ಭರವಸೆ ಕೊಡಲಾಗದು, ಖರೀದಿ ಯೋಗ್ಯವಲ್ಲ. ಸುಮಿತ್ರಾಬಾಯಿ ಅದನ್ನು ಎರಡು ಸಲ ಓದಿಸಿಕೊಂಡರು. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೆ. "ಅಂದ್ರ ಬ್ಯಾಡ ಅಂತೀರಿ," ಎಂದರು. "ಬ್ಯಾಡ್ರಿ ಅಕ್ಕಾರ," ಎಂದೆ. ಸಂಕ್ರಾಂತಿಗೆ ಇನ್ನೂ ಸಮಯವಿದೆ, ಯೋಚಿಸಿ ಹೇಳುತ್ತೇನೆ ಎಂದು ಮಾಲೀಕರಿಗೆ ತಿಳಿಸಿ, ವರದಿಯ ಒಂದು ಪ್ರತಿಯನ್ನು ಅವರಿಗೂ ಕಳಿಸಿದರು. ಮುಚ್ಚುಮರೆ ಅವರ ಸ್ವಭಾವದಲ್ಲೇ ಇರಲಿಲ್ಲ.

ಐದನೇ ದಿನ ನನ್ನ ಕಚೇರಿಗೆ ಅಪರಿಚಿತರೊಬ್ಬರು ಬಂದರು. ಕಟ್ಟಡದ ವ್ಯವಹಾರದವರು, ತೆಲುಗಿನವರು, ಬಹಳ ವಿನಯವಂತರು. ಕೈಯಲ್ಲಿ ನನ್ನ ವರದಿಯ ಜೆರಾಕ್ಸ್! ಮಾಲೀಕರಿಂದ ದಲ್ಲಾಳಿಗೆ, ದಲ್ಲಾಳಿಯಿಂದ ಇವರಿಗೆ ಬಂದಿತ್ತು. "ಚಾಲಾ ಬಾಗಾ ರಾಶಾರು ಸಾರ್," ಎಂದು ಮೆಚ್ಚಿಕೊಂಡರು. ಬಹಳ ಚೆನ್ನಾಗಿ ಬರೆದಿದ್ದೇನಂತೆ. ಆಮೇಲೆ ಹಿಂದಿಗೆ ಹೊರಳಿ ವಿಷಯ ಬಿಡಿಸಿದರು. ಸುಮಿತ್ರಾಬಾಯಿ ಬೇಡವೆಂದರೆ ತಾವೇ ಕೊಳ್ಳುತ್ತಾರೆ. ಕೊಂಡು ಬೀಗ ಹಾಕಿ ಎರಡು ಮಳೆಗಾಲ ಬಿಡುತ್ತಾರೆ. ನನ್ನಂಥ ಎಂಜಿನಿಯರು ಇದೇ ಮಾತನ್ನು ಪ್ರಾಧಿಕಾರದ ಹೆಸರಿಗೆ ಒಂದು ಪತ್ರವಾಗಿ ಬರೆದುಕೊಟ್ಟರೆ, ಅಪಾಯದ ಕಟ್ಟಡ ಎಂದು ಪಟ್ಟಿಯಿಂದ ತೆಗೆಸಬಹುದು. ಆಮೇಲೆ ಅಲ್ಲಿ ಆರು ಅಂತಸ್ತು.

ಯೋಚಿಸಿ ಹೇಳುತ್ತೇನೆ ಎಂದು ಅವರನ್ನು ಕಳಿಸಿದೆ. ಆದರೆ ನನಗೆ ಕಸಿವಿಸಿ ಆರಂಭವಾಯಿತು. ನಾನು ಬರೆದದ್ದು ನಿಜವೇ ಆಗಿದ್ದರೆ ಅದೇ ಮಾತನ್ನು ಇನ್ನೊಂದು ಕಾಗದದ ಮೇಲೆ ಬರೆಯಲು ಏನು ಅಡ್ಡಿ? ಅಡ್ಡಿ ಏನೆಂದು ನನಗೇ ಗೊತ್ತಾಗಲಿಲ್ಲ. ಸಿಡಿಮಿಡಿಗೊಂಡು ಅವತ್ತು ಮನೆಯಲ್ಲೂ ಸುಮ್ಮಸುಮ್ಮನೆ ರೇಗಾಡಿದೆ.

ಉತ್ತರ ಬಂದದ್ದು ಗಚ್ಚಿಬೌಲಿಯ ನನ್ನ ಸೈಟಿನಲ್ಲಿಯೇ. ಅಲ್ಲಿ ಸಿಮೆಂಟ್ ಚೀಲ ಹೊರುತ್ತಿದ್ದ ಹಣಮಂತಪ್ಪ ಎಂಬ ಕೂಲಿಯವ ಊಟದ ಹೊತ್ತಿಗೆ ನನ್ನ ಮುಂದೆ ಬಂದು ನಿಂತ. ಸುರಪುರದವ, ಅರವತ್ತರ ಹತ್ತಿರದ ವಯಸ್ಸು. ಅವನ ಹೆಂಡತಿ ಮಲ್ಲಮ್ಮ ಸುಮಿತ್ರಾಬಾಯಿಯ ಹತ್ತಿರ ರೊಟ್ಟಿ ಬಡಿಯುವ ಹನ್ನೊಂದು ಮಂದಿಯಲ್ಲಿ ಒಬ್ಬಳು.

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಬಾಯಾರ ಮನಿ ಗ್ವಾಡಿ ಕೆಟ್ಟೈತಿ ಅಂತ ಬರದೀರಂತ," ಎಂದ.

"ಬರದೀನಿ. ಏನೀಗ?"

"ಕೆಟ್ಟಿಲ್ರಿ ಅದು. ಮಲ್ಲಿ ಹೇಳ್ತಾಳ, ರೊಟ್ಟಿ ಹಿಂದಿನ ಕ್ವಾಣ್ಯಾಗ ಇಟ್ರ ಎರಡು ದಿನಕ್ಕ ಮೆತ್ತಗಾಗ್ತಾವ, ಮುಂದಿನ ಕ್ವಾಣ್ಯಾಗ ತಿಂಗಳಾದ್ರೂ ಖಡಕ್ ಇರ್ತಾವ ಅಂತ. ಮನಿ ಒಂದs, ಗಚ್ಚು ಒಂದs. ಹಂಗ್ಯಾಕ ಆಕ್ಕೈತ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. ಚೀಲ ಹೊರುವವ ನನಗೆ ಪ್ರಶ್ನೆ ಹಾಕುತ್ತಾನೆಯೇ! "ನಿನಗೇನು ಗೊತ್ತೋ ಗಚ್ಚು?" ಎಂದೆ. ಅವನು ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದ. ಸುಣ್ಣ ತಿಂದ ಹಳೆಯ ಗುರುತುಗಳು ಬೆರಳ ಸಂದಿಯಲ್ಲೆಲ್ಲ ಇದ್ದವು. ಅವನ ಅಪ್ಪ, ಅವನು ಇಬ್ಬರೂ ಗಚ್ಚಿನ ಗೌಂಡಿಗಳು, ಅಂದರೆ ಗಾರೆ ಕೆಲಸದವರು. ಆ ಕೆಲಸ ಕೇಳುವವರಿಲ್ಲದೆ ಮೂಟೆ ಹೊರಲು ಬಂದಿದ್ದ. ಎರಡು ವರ್ಷದಿಂದ ನನ್ನ ಸೈಟಿನಲ್ಲೇ ಇದ್ದನಂತೆ, ನನಗೆ ಅವನ ಮುಖವೂ ಗೊತ್ತಿರಲಿಲ್ಲ.

ಸಿಟ್ಟು ಹೇಗೆ ಇಳಿಯಿತೋ ಹೇಳಲಾರೆ, ಅದರ ಜಾಗದಲ್ಲಿ ಕುತೂಹಲ ಬಂದು ಕೂತಿತು. ಮುಂದಿನ ಕೋಣೆಯನ್ನು ನಾನು ನೋಡಿರಲೇ ಇಲ್ಲವಲ್ಲ! ಆ ಭಾನುವಾರ ಇಬ್ಬರೂ ಕಾಚಿಗೂಡಕ್ಕೆ ಹೋದೆವು.

ಹಣಮಂತಪ್ಪನ ಸಾಮಾನು ಒಂದು ಕಬ್ಬಿಣದ ಮೊಳೆ, ಒಂದು ಲೋಟ ನೀರು, ಅಷ್ಟೆ. ಮುಂದಿನ ಕೋಣೆಯ ಗೋಡೆಯಲ್ಲಿ ಬಣ್ಣ ಉದುರಿದ ಒಂದು ಮೂಲೆಯನ್ನು ಮೊಳೆಯಿಂದ ಗೀರಿದ. ಬಿಳಿ ಗೆರೆ ಮೂಡಿತು, ಮೊಳೆ ಒಳಗೆ ಇಳಿಯಲಿಲ್ಲ. ಹಿಂದಿನ ಕೋಣೆಯಲ್ಲಿ ಕೈ ಗೆಣ್ಣಿನಿಂದ ಗೋಡೆ ಬಡಿದ. ಡಬಡಬ ಎಂದು ಟೊಳ್ಳು ಸದ್ದು ಬಂತು. "ಕೇಳ್ರಿ, ಇದು ಗ್ವಾಡಿ ಅಲ್ಲ, ಗ್ವಾಡಿ ಮ್ಯಾಲಿನ ಅಂಗಿ," ಎಂದ. ಹತ್ತು ವರ್ಷದ ಹಿಂದೆ ಮಾಲೀಕರು ಗಟ್ಟಿಯಾಗಲಿ ಎಂದು ಹಿಂದಿನ ಎರಡೂ ಕೋಣೆಗಳಿಗೆ ಸಿಮೆಂಟ್ ಬಳಿಸಿದ್ದರು. ಅದು ಗೋಡೆಗೆ ಅಂಟದೆ ಅಲ್ಲಲ್ಲಿ ಬಿಟ್ಟುಕೊಂಡಿತ್ತು. ನನ್ನ ಹ್ಯಾಮರ್ ಅಳೆದದ್ದು ಆ ಅಂಗಿಯನ್ನು. ಕಾಂಕ್ರೀಟಿಗೆಂದು ಮಾಡಿದ ಸಾಧನವನ್ನು ಗಚ್ಚಿನ ಮನೆಗೆ ಹಿಡಿದದ್ದೇ ಮೊದಲ ತಪ್ಪು, ಅದನ್ನು ಟೊಳ್ಳು ಪ್ಲಾಸ್ಟರಿಗೆ ಒತ್ತಿದ್ದು ಇನ್ನೊಂದು.

ಪ್ಲಾಸ್ಟರ್ ಒಡೆದಿದ್ದ ಒಂದು ತೂತಿನಿಂದ ಒಳಗಿನ ಗಚ್ಚಿನ ಹೆಂಟೆ ತೆಗೆದು ಲೋಟದ ನೀರಿಗೆ ಹಾಕಿದ. ಅದು ಮಣ್ಣಾಗಿದ್ದರೆ ಕರಗಿ ನೀರು ರಾಡಿಯಾಗುತ್ತದೆ, ಗಚ್ಚಾಗಿದ್ದರೆ ಹಾಗೇ ಇರುತ್ತದೆ. ಸುಮಿತ್ರಾಬಾಯಿ, ನಾನು, ಮಲ್ಲಮ್ಮ ಮೂವರೂ ಲೋಟದ ಸುತ್ತ ಕುಳಿತೆವು. ಅರ್ಧ ತಾಸು ಕಳೆದರೂ ನೀರು ತಿಳಿಯಾಗಿಯೇ ಇತ್ತು. ಎಂಜಿನಿಯರಿಂಗ್ ಓದುವಾಗಲೂ ನಾನು ಒಂದು ಲೋಟ ನೀರನ್ನು ಅಷ್ಟು ಹೊತ್ತು ನೋಡಿದವನಲ್ಲ.

"ಹಂಗಾದ್ರ ಹಸಿ ಯಾಕ?" ಎಂದೆ. ಅವನು ಹಿತ್ತಿಲಿಗೆ ಕರೆದೊಯ್ದು ತೋರಿಸಿದ. ಮಾಳಿಗೆಯ ನೀರಿಳಿಯುವ ಕೊಳವೆ ಒಡೆದು, ಪ್ರತಿ ಮಳೆಗೂ ಆ ಗೋಡೆಯೇ ನೀರು ಕುಡಿಯುತ್ತಿತ್ತು. ಗಚ್ಚಿನ ಗೋಡೆ ಕುಡಿದದ್ದನ್ನು ಬಿಸಿಲಿಗೆ ಹೊರಗೆ ಬಿಡುತ್ತದೆ, ಸಿಮೆಂಟ್ ಬಿಡಗೊಡುವುದಿಲ್ಲ. ತಂತಿ ಬಲೆ ಬಡಿದು ಇನ್ನಷ್ಟು ಸಿಮೆಂಟ್ ಬಳಿಯಿರಿ ಎಂದು ನಾನು ಬರೆದಿದ್ದೆನಲ್ಲ, ಅದನ್ನು ನೆನೆದು ಕಿವಿ ಬಿಸಿಯಾಯಿತು.

ಆದರೂ ಒಬ್ಬ ಗೌಂಡಿಯ ಮಾತಿನ ಮೇಲೆ ಒಂದು ಸಂಸಾರದ ಇದ್ದಬದ್ದ ಆಸ್ತಿಯನ್ನು ಪಣಕ್ಕಿಡಿ ಎಂದು ಹೇಳಲು ಧೈರ್ಯ ಬರಲಿಲ್ಲ. ಪರೀಕ್ಷೆ ಮಾಡಿ ನೋಡಬೇಕು ಎಂದೆ. ಮೊದಲು ಕೊಳವೆ ಸರಿಮಾಡಿಸುವುದು, ಆಮೇಲೆ ಹಿಂದಿನ ಎರಡು ಕೋಣೆಗಳಲ್ಲಿ ಒಂದರ ಸಿಮೆಂಟ್ ಕೆತ್ತಿಸುವುದು, ಇನ್ನೊಂದನ್ನು ಇದ್ದಂತೆಯೇ ಬಿಡುವುದು, ಎರಡರ ಕಿಟಕಿಯನ್ನೂ ಒಂದೇ ಹೊತ್ತಿಗೆ ತೆಗೆದು ಒಂದೇ ಹೊತ್ತಿಗೆ ಮುಚ್ಚುವುದು. ಮಾಲೀಕರು ಫೋನಿನಲ್ಲೇ ಒಪ್ಪಿದರು. ಪ್ರಾಧಿಕಾರದ ಅನುಮತಿಗೆ ಎಂಟು ದಿನ ಹಿಡಿಯಿತು. ಅಲ್ಲಿನ ಮಹಿಳಾ ಅಧಿಕಾರಿ ಹಾಕಿದ ಷರತ್ತು ಒಂದೇ: ಹಳೆಯ ಗಚ್ಚಿಗೆ ಉಳಿ ತಾಗಬಾರದು.

ತೇವಾಂಶ ಅಳೆಯುವ ಮೀಟರ್ ತರುತ್ತೇನೆ ಎಂದಾಗ ಸುಮಿತ್ರಾಬಾಯಿ, "ಇಪ್ಪತ್ತೆರಡು ವರ್ಷದಿಂದ ಮನ್ಯಾಗs ಐತಲ್ರಿ ಮೀಟರು," ಎಂದು ಎರಡೂ ಕೋಣೆಯಲ್ಲಿ ಒಂದೊಂದು ಬುಟ್ಟಿ ರೊಟ್ಟಿ ಇಡಿಸಿದರು. ನಾನು ನನ್ನ ಮೀಟರನ್ನೂ ತಂದೆ. ಎರಡು ದಿನಕ್ಕೊಮ್ಮೆ ಹಳೆಯ ರೊಟ್ಟಿ ತೆಗೆದು ಹೊಸದು ಇಡುವುದು. ಬೆಳಿಗ್ಗೆ ಗಚ್ಚಿಬೌಲಿಗೆ ಹೋಗುವ ಮುನ್ನ ನಾನು ದಿನವೂ ಅಲ್ಲಿಗೆ ಹೋಗಿ, ಎರಡೂ ಬುಟ್ಟಿಯಿಂದ ಒಂದೊಂದು ರೊಟ್ಟಿ ಮುರಿದು, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಮುರಿದದ್ದನ್ನು ಹಿಂಡಿ ಹಚ್ಚಿಕೊಂಡು ತಿನ್ನುತ್ತಲೂ ಇದ್ದೆ. ಹೆಂಗಸರಿಗೆ ಅದೊಂದು ತಮಾಷೆ. "ಎಂಜಿನಿಯರ್ ಸಾಹೇಬ್ರು ಇವತ್ತೂ ಪರೀಕ್ಷಾಕ್ಕ ಬಂದಾರ, ಹಿಂಡಿ ತರ್ರಿ," ಎನ್ನುತ್ತಿದ್ದಳು ಮಲ್ಲಮ್ಮ.

ಮೊದಲ ವಾರ ಎಲ್ಲ ತಲೆಕೆಳಗಾಯಿತು. ಸಿಮೆಂಟ್ ಕೆತ್ತಿದ ಕೋಣೆಯ ರೊಟ್ಟಿಯೇ ಹೆಚ್ಚು ಮೆತ್ತಗಾಯಿತು, ಒಂದೇ ದಿನಕ್ಕೆ ಚಪಾತಿಯಂತೆ ಬಾಗತೊಡಗಿತು. ನನ್ನ ಮೀಟರೂ ಅದನ್ನೇ ಹೇಳಿತು. ಸುಮಿತ್ರಾಬಾಯಿಯ ಮುಖ ಸಪ್ಪಗಾಯಿತು. ಮನಸ್ಸಿನ ಒಂದು ಮೂಲೆಯಲ್ಲಿ ನನಗೆ ಸಂತೋಷವೇ ಆಯಿತೆಂದು ಒಪ್ಪಿಕೊಳ್ಳಬೇಕು. ನನ್ನ ಮೊದಲ ವರದಿ ಗೆಲ್ಲುತ್ತಿತ್ತಲ್ಲ. ಹಣಮಂತಪ್ಪ ಮಾತ್ರ ಅಲುಗಲಿಲ್ಲ. "ಒಳಗಿಂದು ಹೊರಗ ಬರಾಕತ್ತೈತ್ರಿ. ಬರಲಿ ಬಿಡ್ರಿ. ಹತ್ತು ವರ್ಷ ಹಿಡಕೊಂಡಿದ್ದು ಎಂಟು ದಿನಕ್ಕ ಹೋಗ್ತೈತೇನ್ರಿ?" ಎಂದ.

ಎರಡನೇ ವಾರದ ಕೊನೆಗೆ ಎರಡೂ ಕೋಣೆ ಸಮವಾದವು. ಇಪ್ಪತ್ತನೇ ದಿನ ಕೆತ್ತಿದ ಕೋಣೆಯ ರೊಟ್ಟಿ ಎತ್ತಿಕೊಂಡು ಬಗ್ಗಿಸಿದೆ. ಪಟ್ ಎಂದು ಮುರಿಯಿತು. ಪಕ್ಕದ ಕೋಣೆಯದು ಹಾಗೇ ಬಾಗಿತು. ಅಂಗಳದಲ್ಲಿ ರೊಟ್ಟಿ ಬಡಿಯುತ್ತಿದ್ದ ಕೈಗಳೆಲ್ಲ ನಿಂತಿದ್ದವು, ಎಲ್ಲರೂ ಆ ಸದ್ದಿಗೇ ಕಿವಿಗೊಟ್ಟಿದ್ದರು. ನನಗೆ ಆದ ಆನಂದ ಯಾವ ಇಪ್ಪತ್ತು ಅಂತಸ್ತಿನ ಕಟ್ಟಡ ಮುಗಿಸಿದಾಗಲೂ ಆಗಿಲ್ಲ.

ಎಲ್ಲವೂ ಸಿಹಿಯಾಗಿರಲಿಲ್ಲ. ಕೆತ್ತುವಾಗ ಮೇಲ್ಗಡೆ ಒಂದು ತೊಲೆಯ ತುದಿ, ಗೋಡೆಯೊಳಗೆ ಕೂತಿದ್ದ ಭಾಗ, ಹೊರಗೆ ಕಂಡಿತು. ಬೆರಳು ತಾಗಿದರೆ ಸಾಕು, ಪುಡಿಯಾಗುತ್ತಿತ್ತು. ತೇವದಲ್ಲಿ ಹತ್ತು ವರ್ಷ ಇದ್ದ ಮರ ಮತ್ತೆ ಹೇಗಿರುತ್ತದೆ? ಪಕ್ಕದ ಕೋಣೆಯ ತೊಲೆಗಳು ಇನ್ನೂ ಸಿಮೆಂಟಿನ ಹಿಂದಿದ್ದವು, ಅವನ್ನು ನಾನು ನೋಡಿರಲಿಲ್ಲ.

ಸಂಕ್ರಾಂತಿಗೆ ಮೂರು ದಿನ ಇರುವಾಗ ಎರಡನೆಯ ವರದಿ ಬರೆದೆ. ಆರು ಪುಟ. ಮೊದಲ ವಾಕ್ಯವೇ, ನನ್ನ ಹಿಂದಿನ ವರದಿ ತಪ್ಪು, ಅದನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ ಎಂದು. ಆ ಒಂದು ವಾಕ್ಯಕ್ಕೆ ಇಡೀ ಬೆಳಗ್ಗೆ ಹಿಡಿಯಿತು. ಕೆಲಸಕ್ಕೆ ಸೇರಿದ ಮೇಲೆ ಅಂಥದ್ದನ್ನು ಬರೆದದ್ದು ಅದೇ ಮೊದಲು. ಪ್ರತಿಯನ್ನು ಮಾಲೀಕರಿಗೂ ಪ್ರಾಧಿಕಾರಕ್ಕೂ ಕಳಿಸಿದೆ. ಕಟ್ಟಡದ ವ್ಯವಹಾರದ ಆ ವಿನಯವಂತರಿಗೆ ಪತ್ರ ಕೊಡಲಾಗದು ಎಂದು ತಿಳಿಸಿದೆ. ಫೋನಿನಲ್ಲಿ ಅವರ ವಿನಯ ಹೆಚ್ಚು ಹೊತ್ತು ಉಳಿಯಲಿಲ್ಲ.

ಸುಮಿತ್ರಾಬಾಯಿಗೆ ವರದಿಯನ್ನು ಅಂಗಳದಲ್ಲೇ ಕುಳಿತು ಕನ್ನಡದಲ್ಲಿ ಓದಿ ಹೇಳಿದೆ. ಮುಂದಿನ ಭಾಗದ ಗೋಡೆ ಗಟ್ಟಿ. ಹಿಂದಿನ ಗೋಡೆ ಪೂರ್ತಿ ಒಣಗಲು ವರ್ಷ ಬೇಕು. ಒಂದು ತೊಲೆ ಬದಲಿಸಲೇಬೇಕು. ಮೇಲೆ ಮಹಡಿ ಏರಿಸುವಂತಿಲ್ಲ. ಬೀದಿ ಕಡೆ ಶಟರ್ ಹಾಕುವಂತಿಲ್ಲ. ಒಲೆಗೆ ಹೊಸ ಚಿಮಣಿ ಬೇಕೆಂದರೂ ಅರ್ಜಿ ಕೊಡಬೇಕು, ಗೋಡೆಗೆ ಬಳಿಯುವುದಾದರೆ ಗಚ್ಚನ್ನೇ ಬಳಿಯಬೇಕು.

"ಇದು ನನ್ನ ಮದುವಿ ಆದಂಗs ಆತಲ್ರಿ. ಮನಿ ನಂದು ಅಂತಾರ, ಒಂದು ಮಳಿ ಹೊಡೀಬೇಕಂದ್ರ ಹತ್ತು ಮಂದೀನ್ನ ಕೇಳ್ಬೇಕು," ಎಂದರು. ಮೊಳೆಗೆ ನಮ್ಮ ಕಡೆ ಮಳಿ ಎನ್ನುತ್ತಾರೆ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

ನಗು ಮುಗಿದ ಮೇಲೆ ಅವರು ನನ್ನ ಕಡೆಗೆ ತಿರುಗಿದರು. ಮುಖದಲ್ಲಿ ಈಗ ತಮಾಷೆ ಇರಲಿಲ್ಲ.

"ಸಾಹೇಬ್ರ, ಮದಲ್ನೇದು ತಪ್ಪಾತು ಅಂತೀರಿ. ಈ ಎರಡ್ನೇದೂ ತಪ್ಪಾದ್ರ?"

ಹನ್ನೊಂದು ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಹಣಮಂತಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಧೈರ್ಯ ತುಂಬುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಗಿರಾಕಿಗಳಿಗೆ ಅಂಥದ್ದು ಹೇಳಿ ಅಭ್ಯಾಸ. ಅವತ್ತು ಹೇಳಲಾಗಲಿಲ್ಲ.

"ಆಗಬಹುದು ಅಕ್ಕಾರ. ನಾ ನೋಡಿದ್ದು ನೋಡೀನಿ ಅಂತ ಬರದೀನಿ. ಪಕ್ಕದ ಕ್ವಾಣಿ ತೊಲಿ ನೋಡಿಲ್ಲ, ತಳಪಾಯ ನೋಡಿಲ್ಲ. ಅಲ್ಲಿ ಏನೈತೋ ನನಗ ಗೊತ್ತಿಲ್ಲ. ನನ್ನ ಮನಸ್ಸಿಗೆ ಇದು ನಿಲ್ತೈತಿ ಅನಸ್ತೈತಿ, ಆದ್ರ ಅದು ಅನಸೂದು, ಅಳದದ್ದಲ್ಲ."

ಅವರು ವರದಿಯನ್ನು ಮಡಚಿ ಮಡಿಲಲ್ಲಿಟ್ಟುಕೊಂಡರು.

"ಹೋದ ಸಲ ಒಂದು ತಾಸು ಇದ್ರಿ, ಎಲ್ಲಾ ಗೊತ್ತು ಅಂದ್ರಿ. ಈ ಸಲ ಇಪ್ಪತ್ತು ದಿನಾ ಬಂದ್ರಿ, ಗೊತ್ತಿಲ್ಲ ಅನ್ನಾಕತ್ತೀರಿ. ಕೊಳ್ತೀನ್ರಿ ಮನಿ," ಎಂದರು.

ನನ್ನ ಕಣ್ಣು ತುಂಬಿ ಬಂತು. ಅವಮಾನವೂ ಇತ್ತು, ಸಂತೋಷವೂ ಇತ್ತು, ಯಾವುದು ಎಷ್ಟೆಂದು ಬೇರೆ ಮಾಡಲಾರೆ.

ಮನೆ ಅವರ ಹೆಸರಿಗಾಯಿತು. ಪಕ್ಕದ ಕೋಣೆಯಲ್ಲಿ ಇನ್ನೂ ಎರಡು ತೊಲೆ ಹಾಳಾಗಿದ್ದವು. ಅವುಗಳನ್ನು ಬದಲಿಸಿ, ಹಿಂದಿನ ಗೋಡೆಗಳಿಗೆ ಗಚ್ಚು ಬಳಿಯುವ ಕೆಲಸ ಹಣಮಂತಪ್ಪನದಾಯಿತು. ಅವನು ಮೂಟೆ ಹೊರುವುದು ಅಲ್ಲಿಗೆ ನಿಂತಿತು.

ಆ ಮನೆಯ ಕೆಲಸ ನನಗೆ ಕಲಿಸಿದ್ದು ಇಷ್ಟೆ. ನಾನು ಓದಿದ ಅಂಕಿಗಳಲ್ಲಿ ಸುಳ್ಳಿರಲಿಲ್ಲ, ಆದರೆ ಅವು ಗೋಡೆಯ ಅಂಕಿಗಳಲ್ಲವೆಂದು ತಿಳಿಯುವ ಮೊದಲೇ ಸಹಿ ಮಾಡಿದ್ದೆ. ಅಂದಿನಿಂದ ನಿವೃತ್ತನಾಗುವವರೆಗೆ ನನ್ನ ಪ್ರತಿ ವರದಿಯಲ್ಲೂ ಒಂದು ಪುಟ ಹೆಚ್ಚಾಯಿತು: ನಾನು ನೋಡದ ಜಾಗಗಳು, ನನಗೆ ತಿಳಿಯದ ಸಂಗತಿಗಳು. ಗಚ್ಚಿಬೌಲಿಯ ದೊಡ್ಡ ಗಿರಾಕಿಗಳು ಆ ಪುಟ ತೆಗೆದುಹಾಕಿ ಎಂದರು. ಅವರಲ್ಲಿ ಮೂವರು ನನ್ನನ್ನು ಬಿಟ್ಟು ಬೇರೆ ಎಂಜಿನಿಯರನ್ನು ಹುಡುಕಿಕೊಂಡು ಹೋದರು. ನಾನು ಆ ಪುಟ ತೆಗೆಯಲಿಲ್ಲ.